ಬಾಗಿಲಾಚೆ ನಿಂತ ‘ಮೇ’

‘ಮೇ ಐ ಕಮಿನ್ ಸಾರ್’ ಅನ್ನೋದನ್ನ ಅರ್ಥ ತಿಳಿಯೋ ಮೊದಲೇ ಬಾಯಿಪಾಠ ಮಾಡಿದವರು ನಾವು. ಹೈಸ್ಕೂಲಿನಲ್ಲಿ ಒಂದು ದಿನ ನಾನು ‘ಮೇ’ ಬದಲು ‘ಕ್ಯಾನ್’ ಅಂದುಬಿಟ್ಟೆ. ಮೇಷ್ಟ್ರು ರೂಲುದೊಣ್ಣೆಯಿಂದ ಬೆರಳ ಗಿಣ್ಣಿಗೆ ಬಿಟ್ಟರು. ‘ಬರೋ ಶಕ್ತಿ ನಿನ್ನ ಕಾಲಿಗಿದೆ ಅಂತ ಗೊತ್ತು ಕಣೋ, ಅಪ್ಪಣೆ ಕೇಳು’ ಅಂದರು. ವ್ಯಾಕರಣದ ಪುಸ್ತಕಗಳು ಹೇಳೋದೂ ಇದನ್ನೇ, ದೊಣ್ಣೆಯೊಂದು ಬಿಟ್ಟು: ಕ್ಯಾನ್ ಅಂದರೆ ಸಾಮರ್ಥ್ಯ, ಮೇ ಅಂದರೆ ಅನುಮತಿ, ಅದು ವಿನಯ.

ಬಿ.ಎ. ಮುಗಿಸಿ ನಿಘಂಟು ತಿರುವಿ ಹಾಕಿದಾಗ ಸಿಟ್ಟೂ ನಗುವೂ ಒಟ್ಟಿಗೇ ಬಂತು. ಸಾವಿರ ವರ್ಷದ ಹಿಂದಿನ ಹಳೆಯ ಇಂಗ್ಲಿಷಿನಲ್ಲಿ ಈ ಕ್ರಿಯಾಪದ ‘ಮಗನ್’ (ನಮ್ಮ ಮಗನಲ್ಲ). ಅದರ ಅರ್ಥ ಬಲ ಇರುವುದು, ಕೈಲಾಗುವುದು. ಬಲ ಅನ್ನೋ ಅರ್ಥದ ‘ಮೈಟ್’, ಅಧಿಕಾರ ಅನ್ನೋ ಅರ್ಥದ ಜರ್ಮನ್ ‘ಮಾಖ್ಟ್’ ಇದರ ಒಡಹುಟ್ಟುಗಳು. ಅಪ್ಪಣೆಗೆ ಆಗ ‘ಮೋಟನ್’ ಅನ್ನೋ ಬೇರೆ ಕ್ರಿಯಾಪದವೇ ಇತ್ತು. ಅದರ ಭೂತಕಾಲದ ರೂಪದಿಂದ ಬಂದದ್ದು ಇವತ್ತಿನ ‘ಮಸ್ಟ್’. ಅಂದರೆ ಅಪ್ಪಣೆಯ ಮಾತು ಕಟ್ಟಪ್ಪಣೆಯಾಯಿತು. ಬಲದ ಮಾತು ಬಾಗಿಲಾಚೆ ನಿಂತು ಆಡುಮರಿಯ ಹಾಗೆ ‘ಮೇ’ ಅನ್ನತೊಡಗಿತು.

ಖಾಲಿಯಾದ ಜಾಗಕ್ಕೆ ಬಂದದ್ದು ಕ್ಯಾನ್. ಇದನ್ನ ಸ್ವಲ್ಪ ನಿಧಾನವಾಗಿ ನೋಡಬೇಕು. ಕ್ಯಾನ್‌ಗೆ ಮೊದಲಿದ್ದ ಅರ್ಥ ‘ತಿಳಿದಿದ್ದೇನೆ’. ಸಂಸ್ಕೃತದ ‘ಜ್ಞಾ’ ಧಾತುವೂ ಇದೂ ಒಂದೇ ಬೇರಿನವು. ತಿಳಿದವನೇ ಮಾಡುವ ತಾಕತ್ತಿನವನೂ ಆದ. ಕನ್ನಡ ಬೇರೆ ಕುಲದ ಭಾಷೆ. ಆದರೂ ನಮ್ಮ ‘ಬಲ್ಲ’ ಕೂಡ ಹೀಗೇ. ಅವಳು ಹಾಡು ಬಲ್ಲಳು, ಅವಳು ಹಾಡಬಲ್ಲಳು. ನಡುವೆ ಒಂದು ಉಸಿರಿನ ಅಂತರ ಅಷ್ಟೆ. ಹಂಗಾದರೆ ಜ್ಞಾನ ಯಾರ ಕಿವಿಗೂ ಬೀಳದ ಹಾಗೆ ಕಾವಲು ಕಾದರೋ, ಅವರಿಂದ ಕಿತ್ತುಕೊಂಡದ್ದು ಬರೀ ಓದನ್ನಲ್ಲ, ‘ನನ್ನ ಕೈಲಾಗುತ್ತೆ’ ಅನ್ನೋ ಮಾತನ್ನೇ.

ಜಮೀನ್ದಾರರು ಕೂತು ‘ಮೇ’ಯ ಅರ್ಥ ತಿರುಚಿದರು ಅಂತ ನಾನು ಹೇಳ್ತಿಲ್ಲ. ಶಬ್ದಗಳು ಶತಮಾನಗಳಲ್ಲಿ ಜರುಗುತ್ತಾ ಹೋಗುತ್ತವೆ. ನನ್ನ ತಕರಾರು ವ್ಯಾಕರಣದ ಪುಸ್ತಕದ ಮೇಲೆ. ಯಾಕಂದರೆ ‘ಮೇ’ಯ ಹಳೇ ಬಲ ಎಲ್ಲೂ ಹೋಗಿಲ್ಲ, ಕಾನೂನಿನಲ್ಲಿ ಕೂತಿದೆ. ಸಂವಿಧಾನದ 341ನೇ ಅನುಚ್ಛೇದವನ್ನು ಇಂಗ್ಲಿಷಿನಲ್ಲಿ ಓದಿ. ಪರಿಶಿಷ್ಟ ಜಾತಿಗಳು ಯಾವುವೆಂದು ರಾಷ್ಟ್ರಪತಿ ಗೊತ್ತುಮಾಡುವುದಕ್ಕೂ, ಸಂಸತ್ತು ಆ ಪಟ್ಟಿಗೆ ಸೇರಿಸುವುದಕ್ಕೂ ಪಟ್ಟಿಯಿಂದ ತೆಗೆಯುವುದಕ್ಕೂ ಅಲ್ಲಿರುವುದು ಇದೇ ‘ಮೇ’. ಅಲ್ಲಿ ಅದು ಯಾರನ್ನೂ ಬೇಡುತ್ತಿಲ್ಲ, ಅಧಿಕಾರ ಕೊಡುತ್ತಿದೆ. ನಮಗೆ ಮಾತ್ರ ಬೇಡುವ ‘ಮೇ’ಯನ್ನಷ್ಟೇ ಕಲಿಸಿ ಅದಕ್ಕೆ ವಿನಯ ಅಂತ ಹೆಸರಿಟ್ಟರು.

ನಮ್ಮಪ್ಪ ಇಂಗ್ಲಿಷ್ ಕಲಿತವನಲ್ಲ. ಗೌಡರ ಜಗಲಿ ಕೆಳಗೆ ನಿಂತು ‘ಒಳಕ್ಕೆ ಬರಬಹುದಾ ಬುದ್ದಿ’ ಅಂತ ಕೇಳಿದವನೂ ಅಲ್ಲ. ಒಳಕ್ಕೆ ಹೋಗೋದೇ ಇಲ್ಲದ ಮೇಲೆ ಕೇಳೋದೇನು? ‘ಬಂದಿವ್ನಿ ಬುದ್ದಿ’ ಅಂತ ಹೇಳಿ ಅಲ್ಲೇ ನಿಲ್ಲೋನು. ನಾನು ‘ಮೇ’ ಅಂದು ಒಳಗೆ ಹೋಗಿ ಬೆಂಚಿನ ಮೇಲೆ ಕೂತೆ. ಅದಕ್ಕೇ ಆ ಪದವನ್ನ ಪೂರ್ತಿ ಬೈಯೋಕೂ ನನಗೆ ಮನಸ್ಸು ಬರೋದಿಲ್ಲ.