ಪೊಟ್ಟಣದೊಳಗಿನ ಗರಿಗರಿ

ದೋಸೆ ಪಾರ್ಸೆಲ್ ಕಟ್ಟುವವರ ಕೈಚಳಕ ನೋಡುತ್ತ ನಿಲ್ಲುವುದು ನನಗಿಷ್ಟ. ಕಾಗದದ ಮೇಲೆ ಬಾಳೆಎಲೆಯ ತುಂಡು, ಅದರ ಮೇಲೆ ಬಿಸಿ ದೋಸೆ, ಸಡಿಲವಾದ ಮಡಿಕೆ, ಮೇಲೊಂದು ಸುತ್ತು ದಾರ. ಆ ಸಡಿಲಿನಲ್ಲೇ ಕಸುಬಿದೆ.

ಗರಿಗರಿಯ ಶತ್ರು ಹೊರಗಿನಿಂದ ಬರುವುದಿಲ್ಲ. ದೋಸೆ, ವಡೆಗಳ ಮೆತ್ತನೆಯ ಒಡಲಲ್ಲೇ ಇರುತ್ತದೆ. ಕಾವಲಿಯ ಕಾವಿಗೆ ಹೊರಪದರದ ನೀರು ಆವಿಯಾಗಿ ಅದು ಬಿರುಸಾಗುತ್ತದೆ. ಇಳಿಸಿದ ಮೇಲೆ ಒಳಗಿನ ತೇವ ಮೆಲ್ಲಗೆ ಹೊರಪದರಕ್ಕೆ ಸರಿಯುತ್ತದೆ. ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಆವಿ ಹನಿಗಟ್ಟಿ ಮತ್ತೆ ದೋಸೆಯ ಮೇಲೇ ಬೀಳುತ್ತದೆ. ಪೊಟ್ಟಣದಲ್ಲಾದರೆ ಮಡಿಕೆಗಳ ಸಂದಿನಿಂದ ಒಂದಿಷ್ಟು ಆವಿ ಹೊರಹೋಗುತ್ತದೆ, ಇನ್ನೊಂದಿಷ್ಟನ್ನು ಕಾಗದ ಹೀರುತ್ತದೆ. ಎಲೆಯ ಮೇಣದ ಮೈ ತುಪ್ಪವನ್ನು ಕಾಗದಕ್ಕೆ ಬಿಟ್ಟುಕೊಡುವುದಿಲ್ಲ. ಬಿಸಿಗೆ ಬಾಡುತ್ತ ತನ್ನ ಕಂಪನ್ನೂ ಸೇರಿಸುತ್ತದೆ. ಹಳೆಯ ಪತ್ರಿಕೆಯ ಹಾಳೆ ಮಾತ್ರ ಖಂಡಿತ ಬೇಡ. ಅದರ ಶಾಯಿ ತಿಂಡಿಗೆ ಹತ್ತುತ್ತದೆ. ಆಹಾರ ಪ್ಯಾಕಿಂಗಿನ 2018ರ ನಿಯಮಗಳೂ ಅದನ್ನು ನಿಷೇಧಿಸಿವೆ.

ಬಲ್ಲವರು ಪಲ್ಯವನ್ನು ಬೇರೆಯಾಗಿಯೇ ಕಟ್ಟಿಕೊಡುತ್ತಾರೆ. ಆಲೂಗಡ್ಡೆಯ ತೇವ ತಾಗಿದ ದೋಸೆ ದಾರಿಯಲ್ಲೇ ಸೋಲುತ್ತದೆ. ವಡೆ ಸಾಂಬಾರಿನಿಂದ ದೂರವಿರಲಿ ಎಂದು ಕೇಳದೆಯೇ ಎರಡು ಪೊಟ್ಟಣ ಮಾಡುವವರನ್ನು ಕಂಡರೆ ನನಗೆ ಗೌರವ ಮೂಡುತ್ತದೆ.

ಮನೆಗೆ ಬಂದ ಕೂಡಲೇ ಪೊಟ್ಟಣ ಬಿಚ್ಚಬೇಕು. ಮೆತ್ತಗಾಗಿದ್ದರೆ ಮೈಕ್ರೋವೇವ್ ನೆರವಾಗದು. ಅದು ಒಳಗಿನ ನೀರನ್ನೇ ಕಾಯಿಸಿ ಆವಿಯನ್ನು ಹೊರಪದರಕ್ಕೆ ತಳ್ಳುತ್ತದೆ. ಒಣ ಕಾವಲಿಯನ್ನು ಚೆನ್ನಾಗಿ ಕಾಯಿಸಿ, ಮುಚ್ಚಳ ಹಾಕದೆ ದೋಸೆಯನ್ನು ಸ್ವಲ್ಪ ಹೊತ್ತು ಹರಡಿಟ್ಟರೆ ಸಾಕು.