ಹಠವೋ, ರೋಗವೋ?

ನಮ್ಮ ಸೋದರಮಾವನವರು 1956ರಲ್ಲಿ ತರಬೇತಿಗೆಂದು ಜರ್ಮನಿಗೆ ಹೋಗಿದ್ದಾಗ ಕೊಂಡುತಂದು, ನಾಲ್ವತ್ತು ವರ್ಷ ಕಾಲ ಮನೆಯ ಮದುವೆ ಮುಂಜಿಗಳಿಗೂ ತಮ್ಮ ಕಾರ್ಯನಿಮಿತ್ತದ ಪ್ರಯಾಣಗಳಿಗೂ ತಪ್ಪದೆ ಜೊತೆಗಿರಿಸಿಕೊಂಡಿದ್ದ ಕೊಡಕ್ ರೆಟಿನಾ ಕ್ಯಾಮರಾ, ಅವರು ಕಾಲವಾದ ತರುವಾಯ ಕಬ್ಬಿಣದ ಪೆಟ್ಟಿಗೆಯೊಂದರಲ್ಲಿ ರೇಷ್ಮೆ ಸೀರೆಗಳ ಅಡಿಯಲ್ಲಿ, ನುಸಿಗುಳಿಗೆಗಳ ಸಹವಾಸದಲ್ಲಿ, ದೀರ್ಘವಾದ ಅಜ್ಞಾತವಾಸವನ್ನು ಮುಗಿಸಿ ಕಳೆದ ಜ್ಯೇಷ್ಠಮಾಸದಲ್ಲಿ ನನ್ನ ಕೈಗೆ ಬಂದಿತು. ಬಂದಾಗ ಅದರ ಸ್ಥಿತಿ ಹೀಗಿತ್ತು: ಮುಚ್ಚಳ ಮುಚ್ಚಿಕೊಳ್ಳದು, ರೀಲು ಸರಿಸುವ ಲಿವರು ಅಲುಗದು, ಗುಂಡಿ ಒತ್ತಿದರೆ ಉತ್ತರವಿಲ್ಲ. ಅರ್ಧ ತೆರೆದ ಅದರ ಬಾಯಿಗೆ ಅತ್ತೆಯವರು ಲಂಗದ ಲಾಡಿಯೊಂದನ್ನು ಸುತ್ತಿ ಭದ್ರವಾಗಿ ಗಂಟು ಹಾಕಿದ್ದರು. “ಕೆಟ್ಟು ಹೋಗಿದೆಯಪ್ಪಾ, ನೆನಪಿಗೆ ಇಟ್ಟುಕೋ” ಎಂದರು.

ಈ ಮೂರು ಲಕ್ಷಣಗಳಲ್ಲಿ ಒಂದಾದರೂ ರೋಗವಾಗಿರಲಿಲ್ಲವೆಂಬುದನ್ನು ಹೇಳುವುದಕ್ಕಾಗಿಯೇ ಈ ವಾರದ ಅಂಕಣ.

ಆದರೆ ವೈದ್ಯಕ್ಕೆ ತೊಡಗುವವನು ರೋಗಿಯ ಕುಲಗೋತ್ರಗಳನ್ನು ಮೊದಲು ಅರಿತಿರಬೇಕು. ಆಗಸ್ಟ್ ನಾಗೆಲ್ ಎಂಬ ಜರ್ಮನ್ ಯಂತ್ರಕುಶಲಿ, ತಾನು ಬೆಳೆಸಿದ ಕಾಂಟೆಸ್ಸಾ ಸಂಸ್ಥೆ 1926ರಲ್ಲಿ ಜೈಸ್ ಐಕಾನ್ ಕೂಟದಲ್ಲಿ ಲೀನವಾದ ಬಳಿಕ ಅಲ್ಲಿ ಬಹುಕಾಲ ನಿಲ್ಲಲಾರದೆ ಹೊರಬಂದು, 1928ರಲ್ಲಿ ಸ್ಟುಟ್‌ಗಾರ್ಟ್ ನಗರದಲ್ಲಿ ತನ್ನದೇ ಕಾರ್ಖಾನೆಯನ್ನು ಸ್ಥಾಪಿಸಿದನು. ಅದನ್ನು 1932ರಲ್ಲಿ ಕೊಡಕ್ ಕಂಪನಿ ಕೊಂಡಿತು. 1934ರಲ್ಲಿ ಅಲ್ಲಿಂದ ಮೊದಲ ರೆಟಿನಾ ಹೊರಟಿತು. ಅದರೊಡನೆ ಹುಟ್ಟಿದ್ದು, ಕತ್ತಲೆ ಕೋಣೆಯನ್ನು ಹುಡುಕಿಕೊಂಡು ಹೋಗದೆ ಹಗಲಿನಲ್ಲಿಯೇ ತುಂಬಬಹುದಾದ 35 ಮಿಲಿಮೀಟರ್ ರೀಲಿನ ಡಬ್ಬಿ. ಇಂದು ಅಂಗಡಿಯಲ್ಲಿ ದೊರೆಯುವ ರೀಲೂ ಅದೇ ಡಬ್ಬಿಯಲ್ಲಿ ಬರುವುದರಿಂದಲೇ ಮಾವನವರ ಕ್ಯಾಮರಾವನ್ನು ರಿಪೇರಿ ಮಾಡುವುದಕ್ಕೆ ಅರ್ಥವುಂಟು. ಇಲ್ಲವಾದರೆ ಅದು ಗಾಜಿನ ಬೀರುವಿನ ಶೋಭೆಯಷ್ಟೆ. ಮಾವನವರದು 1954ರಿಂದ 1957ರವರೆಗೆ ತಯಾರಾದ ತ್ರೀ-ಸಿ ಎಂಬ ಮಾದರಿ. 50 ಮಿಲಿಮೀಟರಿನ ಕ್ಸೆನಾನ್ ಮಸೂರ, ಒಂದು ಸೆಕೆಂಡಿನಿಂದ ಐನೂರನೆಯ ಒಂದು ಭಾಗದವರೆಗೆ ವೇಗವುಳ್ಳ ಸಿಂಕ್ರೋ-ಕಾಂಪೂರ್ ಷಟರು, ಮಡಿಚಿದರೆ ಕೋಟಿನ ಜೇಬಿನಲ್ಲಿ ಅಡಗುವ ದೇಹ.

ಈ ವಂಶದ ಕ್ಯಾಮರಾಗಳಿಗೆ ನಿಯಮನಿಷ್ಠೆ ಹೆಚ್ಚು. ದೂರವನ್ನು ಸೂಚಿಸುವ ಉಂಗುರ ಅನಂತದ ಗುರುತಿನಲ್ಲಿ, ಎಂದರೆ ಇಂಗ್ಲಿಷಿನ ಎಂಟು ಅಡ್ಡ ಮಲಗಿದಂತಿರುವ ಆ ಚಿಹ್ನೆಯಲ್ಲಿ ನಿಂತಿದ್ದ ಹೊರತು ಮುಚ್ಚಳ ಮುಚ್ಚಲಾರದು. ಮಾವನವರದು ಒಂದೂಕಾಲು ಮೀಟರಿನ ಸುಮಾರಿನಲ್ಲಿ ನಿಂತಿತ್ತು. ಅಷ್ಟು ಹತ್ತಿರದಲ್ಲಿ ಯಾರನ್ನು ಕೂರಿಸಿಕೊಂಡು ಆ ಕೊನೆಯ ಚಿತ್ರವನ್ನು ತೆಗೆದಿದ್ದರೋ! ಉಂಗುರವನ್ನು ಅನಂತಕ್ಕೆ ತಿರುಗಿಸಿ, ಮಸೂರದ ಮೇಲೊಂದು ಕೆಳಗೊಂದು ಇರುವ ಗುಂಡಿಗಳನ್ನು ಒಟ್ಟಿಗೆ ಒತ್ತಿದೆ. ಇಷ್ಟು ವರ್ಷ ಲಾಡಿ ಕಟ್ಟಿಸಿಕೊಂಡಿದ್ದ ಮುಚ್ಚಳ ಏನೂ ಆಗಿಲ್ಲವೆಂಬಂತೆ ಮುಚ್ಚಿಕೊಂಡಿತು. ಇನ್ನು ಲಿವರು. ಈ ಯಂತ್ರ ತೆಗೆದ ಚಿತ್ರಗಳನ್ನು ಎಣಿಸುವುದಿಲ್ಲ, ಉಳಿದವನ್ನು ಎಣಿಸುತ್ತದೆ. ಎಣಿಕೆ ಇಳಿಯುತ್ತ ಇಳಿಯುತ್ತ 1ಕ್ಕೆ ಬಂದೊಡನೆ ಲಿವರಿಗೆ ತಾನೇ ಬೀಗ ಹಾಕಿಕೊಳ್ಳುತ್ತದೆ. ಎಣಿಕೆಯನ್ನು ಮತ್ತೆ 36ರ ಬಳಿಗೆ ತಂದು ನಿಲ್ಲಿಸಿದೆನೋ ಇಲ್ಲವೋ, ಲಿವರು ಬೆಣ್ಣೆಯಲ್ಲಿ ಆಡಿದಂತೆ ಆಡಿತು. ಮೂರನೆಯದಾಗಿ ಗುಂಡಿ: ರೀಲು ಒಂದು ಮನೆ ಸರಿದುದು ಹಲ್ಲಿನ ಉರುಳೆಯೊಂದರಿಂದ ಯಂತ್ರಕ್ಕೆ ಖಚಿತವಾಗುವ ತನಕ ಅದು ಗುಂಡಿಗೆ ಅಪ್ಪಣೆ ಕೊಡುವುದಿಲ್ಲ, ರೀಲೇ ಇಲ್ಲದ ಕ್ಯಾಮರಾದಲ್ಲಿ ಸರಿಯುವುದಾದರೂ ಏನು? ಹಿಂಬಾಗಿಲು ತೆರೆದು, ಲಿವರನ್ನು ಎಳೆದು, ಆ ಉರುಳೆಯನ್ನು ಹೆಬ್ಬೆರಳಿನಿಂದ ನಿಲ್ಲುವವರೆಗೆ ಹೊರಳಿಸಿ ಗುಂಡಿ ಒತ್ತಿದರೆ, “ಟಿಕ್” ಎಂದಿತು. ಒಂದು ತಿರುಪನ್ನೂ ಬಿಚ್ಚದೆ ಮೂರು ವ್ಯಾಧಿಗಳು ವಾಸಿಯಾದವು.

ಹೀಗೆ ಬೀಗ ಬಿದ್ದಿರುವುದನ್ನು ಅರಿಯದೆ ಲಿವರಿನ ಮೇಲೆ ಬಲಪ್ರಯೋಗ ಮಾಡಿದರೆ ಏನಾಗುವುದೆಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಲಿವರಿನ ಎಳೆತವನ್ನು ಷಟರಿಗೆ ಮುಟ್ಟಿಸತಕ್ಕ ಪುಟ್ಟ ಹಲ್ಲುಪಟ್ಟಿಯೊಂದು ಒಳಗಿದೆ. ಅದರ ಕಡೆಯ ಹಲ್ಲು ಸವೆದರೆ ಷಟರು ಪೂರ್ತಿಯಾಗಿ ಬಿಗಿಯಲಾರದೆ ಇಡೀ ಯಂತ್ರ ನಿಜವಾಗಿಯೂ ಸಿಕ್ಕಿಬೀಳುತ್ತದೆ. ಅದಕ್ಕೆ ಬೇರೊಂದು ಸತ್ತ ರೆಟಿನಾದಿಂದ ಅಂಗದಾನವಾಗಬೇಕು, ಇಲ್ಲವೆ ಹೊಸ ಪಟ್ಟಿಯನ್ನೇ ಕಡೆಯಿಸಬೇಕು. ಊಟದ ಮೇಜಿನ ಮೇಲೆ ಆಗುವ ಕೆಲಸವಲ್ಲ. ಹೆಬ್ಬೆರಳಿಗೆ ಎದುರು ಬಲ ತಗುಲಿದ ಕ್ಷಣದಲ್ಲಿಯೇ ಕೈ ಹಿಂದೆಗೆಯತಕ್ಕದ್ದು.

ನಿಜವಾದ ರೋಗ ತಲೆದೋರಿದ್ದು ಆಮೇಲೆ. ಹೆಚ್ಚಿನ ವೇಗಗಳಲ್ಲಿ ಷಟರು ಚೆನ್ನಾಗಿಯೇ ಕಣ್ಣು ಮಿಟುಕಿಸಿತು. ಒಂದು ಸೆಕೆಂಡಿಗೆ ಇಟ್ಟು ಒತ್ತಿದರೆ ತೆರೆದ ಕಣ್ಣು ತೆರೆದಂತೆಯೇ ನಿಂತಿತು. ನಿಧಾನದ ವೇಗಗಳನ್ನು ನಿಯಂತ್ರಿಸುವುದು ಗಡಿಯಾರದಲ್ಲಿರುವಂಥ ಹಲ್ಲುಚಕ್ರಗಳ ಒಂದು ಸಣ್ಣ ಸಂಸಾರ. ಅದಕ್ಕೆ ಎಪ್ಪತ್ತು ವರ್ಷದ ಹಿಂದೆ ಹಚ್ಚಿದ್ದ ಜಿಡ್ಡು ಒಣಗಿ ಅಂಟಾಗಿತ್ತು. ಪಕ್ಕದಲ್ಲಿ ಕುಳಿತು ನೋಡುತ್ತಿದ್ದ ತಂಗಿಯ ಮಗ, “ಎರಡು ಹನಿ ಎಣ್ಣೆ ಬಿಟ್ಟುಬಿಡಿ ಮಾವ, ಸರಿಹೋಗುತ್ತೆ” ಎಂದನು. ಇಪ್ಪತ್ತು ವರ್ಷದ ಹಿಂದೆ ನಾನೂ ಹೀಗೆಯೇ ನಂಬಿ, ಸ್ನೇಹಿತರೊಬ್ಬರ ಕ್ಯಾಮರಾಕ್ಕೆ ಹೊಲಿಗೆ ಮಿಷನ್ನಿನ ಎಣ್ಣೆ ಬಿಟ್ಟು, ಅರೆಜೀವವಾಗಿದ್ದುದನ್ನು ಪೂರ್ತಿ ಕೊಂದು, ಆ ಸ್ನೇಹಿತರ ಮನೆಯ ಬೀದಿಯಲ್ಲಿ ಕೆಲಕಾಲ ನಡೆದಾಡಲಾರದವನಾಗಿದ್ದೆ. ಷಟರಿನ ಐದು ರೆಕ್ಕೆಗಳು ತೀರ ತೆಳುವಾದವು. ಅವು ಒಣಗಿದ್ದರೇ ಚಲಿಸುವುವು. ಎಣ್ಣೆ ತಗುಲಿತೆಂದರೆ ಒದ್ದೆಯಾದ ಎರಡು ಗಾಜಿನ ಹಲ್ಲೆಗಳಂತೆ ಒಂದನ್ನೊಂದು ಹಿಡಿದು ಬಿಡಲೊಲ್ಲವು.

ಬೇಕಾದುದು ಎಣ್ಣೆಯಲ್ಲ, ಎಣ್ಣೆಯನ್ನು ತೊಳೆಯುವ ವಸ್ತು: ಸಿಗರೇಟು ಲೈಟರಿಗೆ ತುಂಬುವ ಪೆಟ್ರೋಲು. ಅದು ಜಿಡ್ಡನ್ನು ಕರಗಿಸಿ ತಾನು ಗುರುತುಳಿಸದೆ ಆರಿಹೋಗುತ್ತದೆ. ಸೀಮೆಎಣ್ಣೆ ಹಾಗಲ್ಲ, ತನ್ನ ಜಿಡ್ಡನ್ನು ಬಿಟ್ಟೇ ಹೋಗುತ್ತದೆ. ಕಿಟಕಿ ತೆರೆದಿರಬೇಕು, ದೇವರ ಮುಂದಿನ ದೀಪ ಊದುಬತ್ತಿಗಳು ಆರಿರಬೇಕು. ಗಡಿಯಾರ ರಿಪೇರಿಯವರ ಸಣ್ಣ ಸ್ಕ್ರೂಡ್ರೈವರು, ಭೂತಗನ್ನಡಿ, ಚಿಮುಟ, ಒಂದು ಸಣ್ಣ ಕುಂಚ, ಇಷ್ಟು ಸಲಕರಣೆ. ಬಿಚ್ಚಿದ ತಿರುಪುಗಳನ್ನು ಅನುಕ್ರಮವಾಗಿ ಇಡುವುದಕ್ಕೆ ಏಳು ಗುಳಿಗಳ ನಮ್ಮ ಪಡ್ಡಿನ ಕಾವಲಿಗಿಂತ ಉತ್ತಮವಾದ ಸಾಧನವನ್ನು ನಾನು ಕಾಣೆ. ಅದರ ಜಿಡ್ಡು ತಗುಲದಂತೆ ಗುಳಿಗೊಂದು ಕಾಗದದ ಚೂರನ್ನು ಹಾಸಿದೆ. “ನಾಳೆಗೆ ಹಿಟ್ಟು ರುಬ್ಬಿದ್ದೇನೆ, ಬೆಳಗಾಗುವುದರೊಳಗೆ ಕಾವಲಿ ಒಲೆಯ ಹತ್ತಿರ ಇರಬೇಕು” ಎಂಬ ಷರತ್ತಿನ ಮೇಲೆ ಅಡುಗೆಮನೆಯಿಂದ ಅದು ಮಂಜೂರಾಯಿತು.

ತ್ರೀ-ಸಿಯ ಉಪಕಾರವೆಂದರೆ ಮಸೂರದ ಮುಂದಿನ ಅರ್ಧ ಕೈಯಿಂದ ತಿರುಗಿಸಿದರೇ ಕಳಚಿಬರುತ್ತದೆ. ಬೇರೆ ಮಸೂರವನ್ನು ತೊಡಿಸಲೆಂದು ಮಾಡಿದ ಏರ್ಪಾಡು ವೈದ್ಯನಿಗೂ ಅನುಕೂಲವಾಯಿತು. ಹೆಜ್ಜೆಹೆಜ್ಜೆಗೂ ಮೊಬೈಲಿನಲ್ಲಿ ಚಿತ್ರ ತೆಗೆದುಕೊಳ್ಳುತ್ತ, ಷಟರಿನ ಮುಂಭಾಗದ ಉಂಗುರವನ್ನೂ ಅದರಡಿಯ ವೇಗದ ತಟ್ಟೆಯನ್ನೂ ಎತ್ತಿದಾಗ, ಅಕ್ಕಿಕಾಳಿನಷ್ಟು ಸಣ್ಣ ಚಕ್ರಗಳು ಕಂದುಬಣ್ಣದ ಮಡ್ಡಿಯಲ್ಲಿ ಹುಗಿದುಕೊಂಡಿದ್ದುವು. ಕುಂಚದ ತುದಿಯನ್ನು ಪೆಟ್ರೋಲಿನಲ್ಲಿ ತೋಯಿಸಿ, ಅವುಗಳ ಅಚ್ಚುಗಳಿಗೆ ಮಾತ್ರ ಮುಟ್ಟಿಸಿ, ಷಟರನ್ನು ಹತ್ತಾರು ಸಲ ಓಡಿಸಿದೆ. ಮೊದಲು ಮೌನ, ಆಮೇಲೆ ತೊದಲು, ಕಡೆಗೆ ಜೀರುಂಡೆಯ ದನಿಯಂಥ, ಎಡೆಬಿಡದ “ಜ್ಝೀ” ಎಂಬ ಸಮಗತಿಯ ನಾದ. ಆ ನಾದವನ್ನು ಕೇಳಿದವನಿಗೆ ಪಿಟೀಲು ಕಚೇರಿಗೆ ಹೋಗಬೇಕೆನಿಸುವುದಿಲ್ಲ. ಆದರೆ ಬೆಳಗ್ಗೆ ಎದ್ದು ಒತ್ತಿದರೆ ಮತ್ತೆ ತೊದಲು: ಕರಗಿದ ಮಡ್ಡಿ ರಾತ್ರಿಯೆಲ್ಲ ಹರಿದು ಹೊಸ ಸ್ಥಳದಲ್ಲಿ ಕೂತಿತ್ತು. ಕಾವಲಿ ಒಲೆಗೆ ಹೋಯಿತು. ತಿರುಪುಗಳು ಇಡ್ಲಿತಟ್ಟೆಗೆ ವರ್ಗವಾದುವು. ಮೂರನೆಯ ಸಂಜೆಯ ತೊಳೆತದ ಮೇಲೆ ತೊದಲು ಪುನಃ ಬರಲಿಲ್ಲ. ತೊಳೆದ ಬಳಿಕ ಅಚ್ಚುಗಳಿಗೆ ಸೂಜಿಮೊನೆಯಷ್ಟು ಗಡಿಯಾರದ ಎಣ್ಣೆ ಮುಟ್ಟಿಸಬೇಕೆನ್ನುವವರುಂಟು. ಹಳೆಯ ಪಾಪದ ನೆನಪಿನಿಂದ ನಾನು ಅದನ್ನೂ ಮುಟ್ಟಿಸಲಿಲ್ಲ. ಸೆಲ್ಫ್ ಟೈಮರನ್ನಂತೂ ಎಳೆಯಲೇ ಇಲ್ಲ. ಈ ವಯಸ್ಸಿನ ಷಟರುಗಳಲ್ಲಿ ಅದು ನಡುವೆ ನಿಂತಿತೆಂದರೆ ಎಲ್ಲವನ್ನೂ ತನ್ನೊಡನೆ ನಿಲ್ಲಿಸಿಬಿಡುತ್ತದೆ.

ಮನೆಯಲ್ಲಿ ಇಂಥ ಕ್ಯಾಮರಾ ಇದ್ದವರು ಅದನ್ನು ಗುಜರಿಗೆ ಹಾಕುವ ಮೊದಲು ದೂರದ ಉಂಗುರವನ್ನೂ ಎಣಿಕೆಯನ್ನೂ ಒಮ್ಮೆ ನೋಡಿರೆಂದು ಬೇಡುತ್ತೇನೆ. ನಾನು ಕಪ್ಪುಬಿಳುಪಿನ ರೀಲೊಂದನ್ನು ಹಾಕಿ, ಮೊದಲ ಚಿತ್ರವನ್ನು ಅತ್ತೆಯವರದೇ ತೆಗೆದೆ, ಒಂದೂಕಾಲು ಮೀಟರಿನಿಂದ. ಮೊನ್ನೆ ಭಾನುವಾರ ಎಣಿಕೆ 1ಕ್ಕೆ ಬಂದು ಲಿವರು ನಿಂತಿತು. ರೀಲನ್ನು ತೊಳೆಯಲು ಸ್ಟುಡಿಯೋಕ್ಕೆ ಕೊಟ್ಟಿದ್ದೇನೆ. ಗುರುವಾರ ಬಾ ಎಂದಿದ್ದಾರೆ.