ಸ್ಟೇಷನ್ನಿಗೆ ಬೆನ್ನು ಹಾಕಿ ನಡೆಯಿರಿ

ಗಾಡಿ ಬದಲಿಸುವ ನಡುವೆ ಒಂದೂವರೆ-ಎರಡು ಗಂಟೆ ಸಿಕ್ಕಿದರೆ ಅದನ್ನು ವೇಟಿಂಗ್ ರೂಮಿನ ಫ್ಯಾನಿನಡಿ ಕೂತು ಕಳೆಯುವುದು ನನ್ನ ಮಟ್ಟಿಗೆ ದಂಡ. ಅಷ್ಟು ಹೊತ್ತಿನಲ್ಲಿ ಒಂದು ಊರಿನ ಅಡುಗೆಯ ಹದ ಅರ್ಧಕ್ಕರ್ಧ ಗೊತ್ತಾಗುತ್ತದೆ. ಊರು ಪರಿಚಯವಿಲ್ಲದವರು ಸಾಮಾನ್ಯವಾಗಿ ಮಾಡುವುದು ಒಂದೇ: ಹೊರಗೆ ಕಾಲಿಟ್ಟು ಎದುರಿಗೆ ಕಂಡ ಮೊದಲ ಬೋರ್ಡಿನ ಕೆಳಗೆ ನುಗ್ಗುವುದು. ಘಟ್ಟದ ಮೇಲಿನ ಹಳೆಯ ಜಂಕ್ಷನ್ನುಗಳಲ್ಲಿ ಈ ಉಪಾಯ ಒಂದಿಷ್ಟು ಫಲ ಕೊಟ್ಟೀತು. ಕರಾವಳಿಯಲ್ಲಿ ಕೊಡುವುದಿಲ್ಲ. ಇಲ್ಲಿ ಬಹುತೇಕ ಸ್ಟೇಷನ್ನುಗಳ ಎದುರು ಬೋರ್ಡೇ ಇಲ್ಲ.

ನಂದಿಕೂರನ್ನೇ ನೋಡಿ. ಮೂಲ್ಕಿಗೂ ಪಡುಬಿದ್ರಿಗೂ ನಡುವಿನ ಸಣ್ಣ ಸ್ಟೇಷನ್ ಇದು. ಮುಂಬಯಿಗೆ ಹೋಗುವ ದೊಡ್ಡ ಗಾಡಿಗಳು ಇಲ್ಲಿ ಸುಮ್ಮನೆ ಹಾದುಹೋಗುತ್ತವೆ. ನಿಂತರೂ ಅದು ಪ್ರಯಾಣಿಕರಿಗಾಗಿ ಅಲ್ಲ, ಕ್ರಾಸಿಂಗಿಗಾಗಿ. ಒಂಟಿ ಹಳಿಯ ದಾರಿಯಾದ್ದರಿಂದ ಎದುರಿನ ಗಾಡಿ ದಾಟುವ ತನಕ ಇದು ಕಾಯಲೇಬೇಕು. ಪಕ್ಕದ ಎಲ್ಲೂರಿನ ಉಷ್ಣವಿದ್ಯುತ್ ಸ್ಥಾವರಕ್ಕೆ ಬರುವ ಕಲ್ಲಿದ್ದಲ ಗೂಡ್ಸ್ ಗಾಡಿಗಳು ಬೇರೆ. ಕಾರ್ಕಳಕ್ಕೆ ಇವತ್ತಿಗೂ ರೈಲಿಲ್ಲ. ಹಾಗಾಗಿ ಇಲ್ಲಿ ಇಳಿದವರಲ್ಲಿ ಕೆಲವರು ಅಡ್ವೆ, ಬೆಳ್ಮಣ್, ನಿಟ್ಟೆ ದಾರಿಯ ಬಸ್ಸು ಹಿಡಿದು ಮೂಡಕ್ಕೆ ಹೋಗುತ್ತಾರೆ. ಹೊಟ್ಟೆ ಹಸಿದವರು ಅದೇ ರಸ್ತೆಯಲ್ಲಿ ಪಡುವಣಕ್ಕೆ ತಿರುಗಿ ಪಡುಬಿದ್ರಿ ಪೇಟೆಗೆ ಹೋಗಬೇಕು. ಬಸ್ಸಿಗೆ ಅದು ತೀರಾ ಸಣ್ಣ ದಾರಿ.

ಉಡುಪಿ ಎಂದರೆ ಹೋಟೆಲು ಎನ್ನುವ ಸೀಮೆಯಲ್ಲಿ ಸ್ಟೇಷನ್ನಿನ ಬಳಿ ಹೋಟೆಲು ಇಲ್ಲದಿರುವುದು ಹೊರಗಿನವರಿಗೆ ಸೋಜಿಗವಾಗಬಹುದು. ತಪ್ಪು ಅಡುಗೆಯವರದ್ದಲ್ಲ, ಹಳಿಯದ್ದು. ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ. ಬಂದದ್ದು ಅಲ್ಲಿಗೇ ನಿಂತಿತು. ಮಂಗಳೂರು-ಉಡುಪಿ ನಡುವೆ ಗಾಡಿ ಓಡಿದ್ದು 1993ರಲ್ಲಿ, ಕೊಂಕಣ ರೈಲ್ವೆ ಪೂರ್ತಿಯಾಗಿ ತೆರೆದುಕೊಂಡದ್ದು 1998ರ ಜನವರಿ 26ರಂದು. ಈ ಎಂಬತ್ತು ಚಿಲ್ಲರೆ ವರ್ಷ ಜನ ಓಡಾಡಿದ್ದೆಲ್ಲ ಬಸ್ಸಿನಲ್ಲಿ, ಅದಕ್ಕೂ ಮೊದಲು ಎತ್ತಿನಗಾಡಿ-ದೋಣಿಗಳಲ್ಲಿ. ಸಿಪಿಸಿ ಎಂಬ ಬಸ್ ಕಂಪೆನಿ ಮಂಗಳೂರಿನಲ್ಲಿ ಶುರುವಾದದ್ದು 1914ರಲ್ಲಿ. ಬಸ್ಸು ನಿಂತಲ್ಲಿ ಚಾ, ಚಾ ಇದ್ದಲ್ಲಿ ಬಜೆ, ಬಜೆಯ ಹಿಂದೆ ಊಟ. ಹೀಗೆ ಹೋಟೆಲುಗಳು ಬಸ್ ಸ್ಟ್ಯಾಂಡಿನ ಸುತ್ತ, ದೇವಸ್ಥಾನದ ರಥಬೀದಿಯಲ್ಲಿ, ಮೂರು ದಾರಿ ಕೂಡುವಲ್ಲಿ ಬೇರು ಬಿಟ್ಟು ತಲೆಮಾರು ಕಳೆದ ಮೇಲೆ ರೈಲು ಬಂತು. ಅದೂ ಪೇಟೆಯನ್ನು ಬಳಸಿಕೊಂಡು, ಗುಡ್ಡ-ಗದ್ದೆಗಳ ಕಡೆಯಿಂದ. ಉಡುಪಿಯ ಸ್ಟೇಷನ್ ಇರುವುದು ಇಂದ್ರಾಳಿಯಲ್ಲಿ, ಸಿಟಿ ಬಸ್ ಸ್ಟ್ಯಾಂಡಿನಿಂದ ಮಣಿಪಾಲದ ದಾರಿಯಲ್ಲಿ ಮೂರು ಕಿಲೋಮೀಟರಿನಾಚೆ. ನಡೆದು ಬಂದು ಊಟ ಮಾಡುವಷ್ಟು ಹತ್ತಿರ ಯಾವ ಹಳೆಯ ಹೋಟೆಲೂ ಇಲ್ಲ.

ತಮಾಷೆಯೆಂದರೆ, ಸ್ಟೇಷನ್ನಿನ ಮಗ್ಗುಲಲ್ಲೇ ಹೋಟೆಲಿಟ್ಟು ಹೆಸರು ಮಾಡಿದವರೂ ಈ ಕಡೆಯವರೇ, ಆದರೆ ಪರವೂರಿನಲ್ಲಿ. ಮುಂಬಯಿಯ ಮಾಟುಂಗಾದಲ್ಲಿ ಸೆಂಟ್ರಲ್ ಲೈನಿನ ಸ್ಟೇಷನ್ನಿಗೆ ತಾಗಿಕೊಂಡಂತೆ, ಮಾರ್ಕೆಟ್ ಕಟ್ಟಡದ ಮಹಡಿಯಲ್ಲಿ ಎ. ರಾಮ ನಾಯಕರು 1942ರಲ್ಲಿ ಉಡುಪಿ ಶ್ರೀ ಕೃಷ್ಣ ಬೋರ್ಡಿಂಗ್ ಆರಂಭಿಸಿದರು. ಇಂದಿಗೂ ಅಲ್ಲಿ ಬಾಳೆಲೆ ಊಟಕ್ಕೆ ಸಾಲು ನಿಲ್ಲುತ್ತಾರೆ. ಮದ್ದೂರು ಸ್ಟೇಷನ್ನಿನಲ್ಲಿ ವಡೆ ಮಾರಿದ ರಾಮಚಂದ್ರ ಬುಧ್ಯರು ಕುಂದಾಪುರದವರು. 1917ರಲ್ಲಿ ಗಾಡಿ ಬಂದೇಬಿಟ್ಟಿತೆಂದು ಅವಸರದಲ್ಲಿ ಹಿಟ್ಟನ್ನು ತಟ್ಟಿ ಕಾಯಿಸಿದ್ದೇ ಮದ್ದೂರು ವಡೆಯಾಯಿತು ಎಂಬ ಕತೆಯನ್ನು ಆ ದಾರಿಯಲ್ಲಿ ಹೇಳದವರಿಲ್ಲ. ರೈಲು ಇದ್ದ ಊರಿಗೆ ಹೋಗಿ ರೈಲಿನವರಿಗೆ ಬಡಿಸಿದರು. ಸ್ವಂತ ಊರಿಗೆ ರೈಲು ಬರುವಷ್ಟರಲ್ಲಿ ತುಂಬ ತಡವಾಗಿತ್ತು.

ಆದ್ದರಿಂದ ಈ ಸೀಮೆಯಲ್ಲಿ ನನ್ನ ಸೂತ್ರ ಇಷ್ಟೇ: ಸ್ಟೇಷನ್ನಿಗೆ ಬೆನ್ನು ಹಾಕಿ, ಬಸ್ಸಿನ ಹಾರ್ನು ಕೇಳುವ ಕಡೆಗೆ ಹೋಗುವುದು. ಹೋದಮೇಲೆ ಬೋರ್ಡು ಓದಬಾರದು, ಬಸ್ಸಿನವರನ್ನು ನೋಡಬೇಕು. ಪಡುಬಿದ್ರಿಯಲ್ಲಿ ಮಂಗಳೂರು-ಉಡುಪಿ ಹೆದ್ದಾರಿಗೆ ಕಾರ್ಕಳದ ರಸ್ತೆ ಸೇರುತ್ತದೆ. ಖಾಸಗಿ ಬಸ್ಸುಗಳು ಒಂದರ ಬಾಲ ಒಂದು ಹಿಡಿದು ಓಡುವ ದಾರಿ. ಡ್ರೈವರ್-ಕಂಡಕ್ಟರರಿಗೆ ಟೈಮಿಂಗಿನ ನಡುವೆ ಸಿಗುವುದು ಹತ್ತು ನಿಮಿಷ. ಅಷ್ಟರಲ್ಲಿ ತಿಂದು, ಕೈ ತೊಳೆದು, ಸೀಟಿ ಊದಬೇಕು. ಹೊಟ್ಟೆ ಕೆಟ್ಟರೆ ದಿನವಿಡೀ ಸೀಟಿನಲ್ಲಿ ಒದ್ದಾಟ. ಇಷ್ಟು ಕಟ್ಟುನಿಟ್ಟಿನ ಗಿರಾಕಿ ದಿನಾ ಬಂದು ಕೂರುವ ಹೋಟೆಲಿನಲ್ಲಿ ತಿಂಡಿ ಬಿಸಿ ಇರುತ್ತದೆ, ಬೇಗ ಬರುತ್ತದೆ, ಚಿಲ್ಲರೆಯೂ ಸಿಗುತ್ತದೆ. ಲೇಔಟಿನ ಕುಟುಂಬಗಳು ಕಾರಿನಲ್ಲಿ ಬಂದಿಳಿಯುವ ಏಸಿ ಹಾಲಿಗೆ ಈ ಮೂರೂ ಅನಿವಾರ್ಯವಲ್ಲ. ರೈಲು ಕಾಯುವವನಿಗೆ ಅನಿವಾರ್ಯ.

ಒಳಗೆ ಹೋದವರು ಮೆನು ಕೇಳಬೇಡಿ. "ಬಿಸಿ ಎಂತ ಉಂಟು?" ಎಂದು ಕೇಳಿ. ಸಪ್ಲೈಯರ್ ಒಂದೇ ಉಸಿರಿನಲ್ಲಿ ಹನ್ನೆರಡು ಹೆಸರು ಒಪ್ಪಿಸಿದರೆ ಒಂದು ಚಾ ಕುಡಿದು ಹೊರಡಬಹುದು. ಒಳಗೆ ಇಣುಕಿ ನೋಡಿ ಬಂದು ಎರಡೇ ಹೆಸರು ಹೇಳಿದರೆ ಚೀಲ ಕೆಳಗಿಡಿ.

ಏನು ಬಿಸಿ ಇರುತ್ತದೆ ಎಂಬುದು ಗಡಿಯಾರದ ಮೇಲೆ ನಿಂತಿದೆ. ಬೆಳಿಗ್ಗೆ ಏಳರಿಂದ ಒಂಬತ್ತೂವರೆ ಬನ್ಸಿನ ಹೊತ್ತು. ಕಳಿತ ಬಾಳೆಹಣ್ಣು ಹಿಸುಕಿ, ಮೈದಾ, ಮೊಸರು, ಸಕ್ಕರೆ, ಜೀರಿಗೆ ಸೇರಿಸಿ ಹಿಂದಿನ ರಾತ್ರಿಯೇ ಕಲಸಿಟ್ಟ ಹಿಟ್ಟು ಅದು. ಬಾಣಲೆಯಿಂದ ಬಂದಾಗ ಉಬ್ಬಿ ನಿಂತಿರುತ್ತದೆ, ಹನ್ನೊಂದಕ್ಕೆ ಜಗಿದರೂ ಹರಿಯದ ಚರ್ಮ. ಜೊತೆಗೆ ಸಜ್ಜಿಗೆ-ಬಜಿಲ್: ಉಪ್ಪಿಟ್ಟಿನ ಮೇಲೆ ಕಾಯಿ, ಬೆಲ್ಲ, ಮೆಣಸಿನ ಮಸಾಲೆ ಹಚ್ಚಿದ ಅವಲಕ್ಕಿ. ತಿಂಡಿಗಳಲ್ಲೆಲ್ಲ ಚುರುಕಾದದ್ದು ಇದೇ. ದೋಸೆಯ ಕಾವಲಿ ಎದುರು ಕಾಯುವ ಕೆಲಸವಿಲ್ಲ, ಎರಡು ಸೌಟು ಹಾಕಿದರೆ ತಟ್ಟೆ ಎದುರಿಗೆ. ಗಾಡಿಗೆ ಅರ್ಧ ಗಂಟೆ ಮಾತ್ರ ಉಳಿದಿದ್ದರೆ ಮಸಾಲೆ ದೋಸೆಯ ಆಸೆ ಬಿಟ್ಟು ಇದನ್ನೇ ಹೇಳಿ.

ಆದರೆ ಈ ಸೀಮೆಯ ನಿಜವಾದ ರೈಲು ತಿಂಡಿ ಗೋಳಿಬಜೆ. ಘಟ್ಟದ ಮೇಲೆ ಇದನ್ನು ಮಂಗಳೂರು ಬಜ್ಜಿ ಎನ್ನುತ್ತಾರೆ ಮತ್ತು ಬಹುಪಾಲು ಕೆಡಿಸುತ್ತಾರೆ. ಮೈದಾ, ಹುಳಿ ಬಂದ ಮೊಸರು, ಶುಂಠಿ, ಹಸಿಮೆಣಸು, ಕರಿಬೇವು, ಕಾಯಿಯ ಚೂರು, ಚಿಟಿಕೆ ಸೋಡಾ: ಸಾಮಾನು ಇಷ್ಟೇ. ಹಿಟ್ಟು ಎರಡು-ಮೂರು ಗಂಟೆ ಸುಮ್ಮನೆ ಕೂತಿರಬೇಕು. ಮೂರೂವರೆ ಹೊತ್ತಿಗೆ ಬಾಣಲೆ ಕಾಯುತ್ತದೆ. ಅಡುಗೆ ಭಟ್ಟರು ಕೈಯನ್ನು ನೀರಿಗೆ ಅದ್ದಿ, ಹಿಟ್ಟು ಬಾಚಿ, ಹೆಬ್ಬೆರಳಿನಿಂದ ಒಂದೊಂದೇ ದೂಡುತ್ತಾರೆ. ಎಣ್ಣೆಗೆ ಬಿದ್ದ ಉಂಡೆ ಒಮ್ಮೆ ಮುಳುಗಿ, ಮೇಲೆದ್ದು, ಅಡಿ ಹಗುರಾದಾಗ ತಾನಾಗಿಯೇ ಮಗುಚಿಕೊಳ್ಳುತ್ತದೆ. ಮಗುಚಿಕೊಳ್ಳದ ಹಿಟ್ಟಿಗೆ ಹುಳಿ ಸಾಕಾಗಿಲ್ಲ ಎಂದರ್ಥ. ಮುರಿದು ನೋಡಿ: ಒಳಗೆ ಜೇನುಗೂಡಿನ ಹಾಗೆ ತೂತು ಇರಬೇಕು, ಹಿಟ್ಟಿನ ಮುದ್ದೆ ಇರಬಾರದು, ಬೆರಳಿಗೆ ಎಣ್ಣೆ ಅಂಟಬಾರದು. ಚಟ್ನಿ ನೀರಾಗಿದ್ದರೂ ಚಿಂತೆಯಿಲ್ಲ, ಶುಂಠಿಯ ಖಾರ ಇದ್ದರೆ ಸರಿ. ಇಳಿಸಿದ ಹತ್ತು ನಿಮಿಷದೊಳಗೆ ತಿಂದವನಿಗೆ ಮಾತ್ರ ಇದು ಗೋಳಿಬಜೆ. ಆಮೇಲೆ ಮುದುಡಿ ಬರೀ ಮೈದಾ ಆಗುತ್ತದೆ. ಪಾರ್ಸೆಲ್ ಕಟ್ಟಿಸಿಕೊಂಡು ಬರ್ತಿನಲ್ಲಿ ಬಿಚ್ಚುವವರನ್ನು ಕಂಡರೆ ನನಗೆ ಸಂಕಟ. ಬರ್ತಿಗೇ ಊಟ ತರಿಸುವ ಮೊಬೈಲ್ ಸೌಕರ್ಯವನ್ನೂ ಇದೇ ಕಾರಣಕ್ಕೆ ನಾನು ದೂರ ಇಟ್ಟಿದ್ದೇನೆ. ಬಿರಿಯಾನಿಗೆ ಅದು ಆದೀತು, ಬಾಣಲೆಯ ತಿಂಡಿಗೆ ಆಗದು.

ಮಧ್ಯಾಹ್ನ ಇಳಿದವರಿಗೆ ಮೀನೂಟ. ಕೂರುತ್ತಿದ್ದ ಹಾಗೆ ಬರುವ ಪ್ರಶ್ನೆ "ಕುಚ್ಚಲಾ, ಬೆಳ್ತಿಗೆಯಾ?" ಮೀನು ಸಾರಿಗೆ ಕುಚ್ಚಲಕ್ಕಿಯ ದಪ್ಪ ಅನ್ನವೇ ಸರಿ, ಬೆಳ್ತಿಗೆ ಅನ್ನ ಆ ಗಸಿಯ ಭಾರ ತಡೆಯುವುದಿಲ್ಲ. ಇಲ್ಲಿ ಕೇಳಬೇಕಾದ ಮಾತು "ಇವತ್ತು ಯಾವ ಮೀನು ಬಂದಿದೆ ಅಣ್ಣಾ?" ಎಂಬುದು. ಬಂಗುಡೆ, ಬೂತಾಯಿ ಎಂದರೆ ಮಾತು ನಂಬಬಹುದು. ಅಂಜಲ್, ಕಾಣೆ, ಪಾಂಫ್ರೆಟ್ ಎಲ್ಲ ಇದೆ ಎಂದರೆ ಐಸಿನ ಪೆಟ್ಟಿಗೆ ದೊಡ್ಡದಿದೆ ಎಂದು ತಿಳಿಯಿರಿ. ತವಾ ಫ್ರೈಯನ್ನು ಊಟಕ್ಕೆ ಮೊದಲೇ ಹೇಳಿಬಿಡಬೇಕು, ಮಸಾಲೆ ಹಿಡಿದು ಕೆಂಪಗಾಗಲು ಹೊತ್ತು ಬೇಕು. ಅನ್ನ ಮುಗಿಯುವಾಗ ಫ್ರೈ ಬಂದರೆ ಮೀನು ಒಂದು ಕೈಯಲ್ಲಿ, ಗಡಿಯಾರ ಇನ್ನೊಂದು ಕೈಯಲ್ಲಿ.

ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಮಲ್ಪೆಯ ಬೋಟುಗಳೆಲ್ಲ ದಡದಲ್ಲಿರುತ್ತವೆ, ನಾಡದೋಣಿಯವರು ತಂದಷ್ಟೇ ಹೊಸ ಮೀನು. ಮಳೆಗಾಲದಲ್ಲಿ ಕೊಂಕಣ ರೈಲ್ವೆಯದ್ದೂ ಬೇರೆ ವೇಳಾಪಟ್ಟಿ, ಗಾಡಿಗಳ ವೇಗ ತಗ್ಗುತ್ತದೆ, ಕಾಯುವ ಹೊತ್ತು ಬೆಳೆಯುತ್ತದೆ. ಹೊತ್ತು ಹೆಚ್ಚಿದ್ದಾಗ ಮೀನಿಲ್ಲ, ಮೀನಿದ್ದಾಗ ಹೊತ್ತಿಲ್ಲ. ಆ ತಿಂಗಳುಗಳಲ್ಲಿ ನಾನು ಪತ್ರೊಡೆ ಹುಡುಕುತ್ತೇನೆ. ಕೆಸುವಿನೆಲೆ ಎಳೆಯದಾಗಿರುವುದೇ ಆಗ. ಹೋಟೆಲಿನಲ್ಲಿ ದಿನಾ ಇರುವುದಿಲ್ಲ, ಇದ್ದ ದಿನ ಗಲ್ಲಾದ ಹತ್ತಿರ ಸ್ಲೇಟಿನಲ್ಲಿ ಬರೆದಿರುತ್ತಾರೆ. ಚಳಿಗಾಲದ ಸಾಂಬಾರಿನಲ್ಲಿ ಮಟ್ಟುಗುಳ್ಳ ಸಿಕ್ಕಿದರೆ ಇನ್ನೊಂದು ಸೌಟು ಹಾಕಿಸಿಕೊಳ್ಳಿ. ಕಟಪಾಡಿ ಬಳಿಯ ಮಟ್ಟು ಊರಿನ ಈ ಬದನೆಗೆ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಮಾನ್ಯತೆ ಇರಲಿ, ಅದರ ರುಚಿಯೇ ದೊಡ್ಡ ಗುಣ.

ಇಂದ್ರಾಳಿಯಲ್ಲಿ ಇಳಿಯುವವರ ಲೆಕ್ಕ ಬೇರೆ. ಒಂದು ಗಂಟೆ ಇದ್ದರೆ ಕುಂಜಿಬೆಟ್ಟು ದಾಟಬೇಡಿ. ಕಲ್ಸಂಕದ ಸರ್ಕಲ್ಲಿನಲ್ಲಿ ವಾಹನ ಸಿಕ್ಕಿಬಿದ್ದರೆ ಆಟೋದವರೂ ಕೈಚೆಲ್ಲುತ್ತಾರೆ. ಎರಡು ಗಂಟೆ ಇದ್ದರೆ ಧೈರ್ಯವಾಗಿ ರಥಬೀದಿಗೆ ಹೋಗಿ. ಅಲ್ಲಿನ ಮಿತ್ರಸಮಾಜ ಹೋಟೆಲಿನ ಬನ್ಸು, ಗೋಳಿಬಜೆಗೆ ಹೆಸರು ಸುಮ್ಮನೆ ಬಂದದ್ದಲ್ಲ. ಜನ ಮೇಜು ಖಾಲಿಯಾಗುವುದನ್ನು ನಿಂತು ಕಾಯುತ್ತಾರೆ, ಆದ್ದರಿಂದ ಬಾಣಲೆ ತಣಿಯುವುದಿಲ್ಲ. ಗಿರಾಕಿ ಹೆಚ್ಚಿದಷ್ಟೂ ತಿಂಡಿ ಬಿಸಿ ಎಂಬ ಸರಳ ಲೆಕ್ಕ. ಕೃಷ್ಣಮಠದ ಮಧ್ಯಾಹ್ನದ ಪ್ರಸಾದ ಭೋಜನ ಮೂರು ಗಂಟೆ ಬಿಡುವು ಇದ್ದವರಿಗೆ ಮಾತ್ರ. ಪಂಕ್ತಿಯಲ್ಲಿ ಕೂತವನು ಸಾರು, ಸಾಂಬಾರು, ಪಾಯಸ, ಮಜ್ಜಿಗೆಯ ಕ್ರಮ ಬಿಟ್ಟು ನಡುವೆ ಎದ್ದು ಓಡುವುದು ಚೆನ್ನಾಗಿರುವುದಿಲ್ಲ. ಎದುರು ದಿಕ್ಕಿನ ಮಣಿಪಾಲದಲ್ಲಿ ಟೈಗರ್ ಸರ್ಕಲ್ಲಿನ ಸುತ್ತ ವಿದ್ಯಾರ್ಥಿಗಳ ಊಟ. ದೇಶದ ಎಲ್ಲ ಕಡೆಯ ತಿನಿಸೂ ಉಂಟು, ತಡರಾತ್ರಿಗೆ ಒಳ್ಳೆಯದು. ಈ ಊರಿನದ್ದೇ ರುಚಿ ಬೇಕೆಂದವರು ಅಲ್ಲಿಗೆ ಹೋಗಬೇಕಾಗಿಲ್ಲ.

ಇನ್ನೂ ನಿಧಾನವಾಗಿ ತಿನ್ನಬೇಕೆಂಬ ಮುಂಬಯಿಯ ಬಂಧುಗಳಿಗೆ ಒಂದು ಮಾತು. 500 ಕಿಲೋಮೀಟರಿಗಿಂತ ಉದ್ದದ ಟಿಕೆಟಿದ್ದರೆ, ಮೊದಲ 500 ಕಿಲೋಮೀಟರ್ ಕಳೆದ ಮೇಲೆ ನಡುವೆ ಒಮ್ಮೆ ಇಳಿದು ಎರಡು ದಿನದ ತನಕ ಉಳಿಯಲು ರೈಲ್ವೆಯ ನಿಯಮದಲ್ಲೇ ಅವಕಾಶವಿದೆ. ರಾಜಧಾನಿಯಂಥ ಗಾಡಿಗಳಿಗೆ ಇದು ಅನ್ವಯಿಸದು, ಮುಂದಿನ ಗಾಡಿಯ ಸೀಟನ್ನು ನೀವೇ ನೋಡಿಕೊಳ್ಳಬೇಕು. ಮುಂಬಯಿಯಿಂದ ಮಂಗಳೂರಿಗೆ ಬರುವವರು ಉಡುಪಿಯಲ್ಲಿ ಹೀಗೆ ಇಳಿಯಬಹುದು. ಮಂಗಳೂರಿನಿಂದ ಹೊರಟವರಿಗೆ ಉಡುಪಿ ತೀರಾ ಹತ್ತಿರವಾಯಿತು, ನಿಯಮ ಒಪ್ಪುವುದಿಲ್ಲ.

ನಂದಿಕೂರು, ಪಡುಬಿದ್ರಿ, ಇನ್ನಂಜೆ, ಮೂಲ್ಕಿ ಸ್ಟೇಷನ್ನುಗಳ ಸುತ್ತಮುತ್ತಲಿನ ಓದುಗರಲ್ಲಿ ಒಂದು ವಿನಂತಿ. ನಿಮ್ಮ ಊರಿನಲ್ಲಿ ಬೋರ್ಡಿಲ್ಲದ, ಬಸ್ಸಿನವರು ಕೂರುವ ಒಳ್ಳೆಯ ಹೋಟೆಲಿದ್ದರೆ ಅಂಕಣದ ವಿಳಾಸಕ್ಕೆ ಬರೆಯಿರಿ. ಹೊಗಳಿಕೆ ಬೇಡ. ಸ್ಟೇಷನ್ನಿನಿಂದ ಎಷ್ಟು ದೂರ, ಬಾಣಲೆ ಇಡುವುದು ಎಷ್ಟು ಹೊತ್ತಿಗೆ, ವಾರದ ರಜೆ ಯಾವತ್ತು ಎಂಬುದಷ್ಟು ಸಾಕು.